ಕುದುರೆ ಹೂಡಿ ಉಳೋದು: ನೊಗ ಯಾಕೆ ಆಗಲ್ಲ, ಕಾಲರ್ ಯಾಕೆ ಬೇಕು

ಪ್ರಶ್ನೆ: ನಾನು ಓಹಾಯೋದ ಕೊಲಂಬಸ್‌ನಲ್ಲಿದ್ದೀನಿ ಸರ್. ಈಚೆಗೆ ಹೋಮ್ಸ್ ಕೌಂಟಿ ಕಡೆ ಹೋದಾಗ ಒಬ್ಬ ಆಮಿಶ್ (ಧರ್ಮದ ಕಟ್ಟುಪಾಡಿಗೆ ಹಳೇ ರೀತಿಲೇ ಬದುಕೋ ಕ್ರೈಸ್ತ ಪಂಗಡ) ರೈತ ನಾಲ್ಕು ಭಾರೀ ಕುದುರೆ ಹೂಡ್ಕೊಂಡು, ನೇಗಿಲ ಮೇಲೆ ಕೂತು ಉಳ್ತಾ ಇದ್ದಿದ್ದು ನೋಡ್ದೆ. ಕುದುರೆ ಮೈಮೇಲೆ ಅಷ್ಟೊಂದು ಪಟ್ಟಿ, ಸರಪಳಿ ಯಾಕೆ? ನಮ್ಮ ತಾತ ತುರುವೇಕೆರೆ ಕಡೆ ಎತ್ತಲ್ಲೇ ಉಳ್ತಿದ್ರು, ಒಂದು ನೊಗ, ಎರಡು ಜತ್ತಿಗೆ, ಮುಗೀತು. ಕುದುರೆಗೆ ಅಷ್ಟು ಶಕ್ತಿ ಇದ್ರೆ ನಮ್ಮೋರು ಯಾಕೆ ಅದ್ರಲ್ಲಿ ಉಳ್ಲಿಲ್ಲ, ಗೊತ್ತಿರ್ಲಿಲ್ವಾ? ಊರಲ್ಲಿ ಮೂರು ಎಕರೆ ಇದೆ, ಎರಡು ಕುದುರೆ ತಗೊಂಡು ನಮ್ಮ ಹಳೇ ನೊಗ, ನೇಗಿಲಲ್ಲೇ ಟ್ರೈ ಮಾಡ್ಬಹುದಾ?

ಉತ್ತರ:

ಕೊನೇ ಪ್ರಶ್ನೆಗೆ ಮೊದಲು ಹೇಳ್ಬಿಡ್ತೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಎತ್ತಿನ ನೊಗನ ಕುದುರೆ ಮೇಲೆ ಇಟ್ರೆ ಸ್ವಲ್ಪ ಹೊತ್ತಲ್ಲೇ ಕುದುರೆಗೆ ಗಾಯ ಆಗತ್ತೆ, ಉಳುಮೆನೂ ಆಗಲ್ಲ. ಯಾಕೆ ಅಂತ ಅರ್ಥ ಆದ್ರೆ ನೀವು ಕೇಳಿರೋ ಬೇರೆ ಪ್ರಶ್ನೆಗಳಿಗೂ ಅಲ್ಲೇ ಉತ್ತರ ಸಿಗತ್ತೆ, ಅದಕ್ಕೇ ಅಲ್ಲಿಂದ್ಲೇ ಶುರು ಮಾಡ್ತೀನಿ.

ನಾವು ಎತ್ತು ಎಳೆಯತ್ತೆ, ಕುದುರೆ ಎಳೆಯತ್ತೆ ಅಂತೀವಿ, ಆದ್ರೆ ಮೈ ಕಡೆಯಿಂದ ನೋಡಿದ್ರೆ ಎರಡೂ ತಳ್ತವೆ. ಹಿಂಗಾಲಲ್ಲಿ ನೆಲ ಒದ್ದು, ಆ ಬಲ ಬೆನ್ನಿನ ಮೂಲಕ ಮುಂದಕ್ಕೆ ಬಂದು, ಮೈಯ ಯಾವುದೋ ಒಂದು ಜಾಗ ಸಜ್ಜಿನ ಮೇಲೆ ಒತ್ತತ್ತೆ. ಆ ಜಾಗ ಯಾವ್ದು ಅನ್ನೋದೇ ಇಲ್ಲಿ ಮುಖ್ಯ. ನಮ್ಮ ಹಳ್ಳಿಕಾರ್, ಅಮೃತಮಹಲ್ ಎತ್ತುಗಳಿಗೆ ಹಿಣಿಲು, ಅಂದ್ರೆ ಹೆಗಲ ಮೇಲಿನ ಗೂನು, ಇದೆ, ನೊಗ ಅದರ ಮುಂದೆ ಕತ್ತಿನ ಮೇಲೆ ಕೂತ್ಕೊಳತ್ತೆ, ಎತ್ತು ತಲೆ ತಗ್ಗಿಸಿ ಮುಂದೆ ಹೋದ್ರೆ ನೊಗ ಹಿಣಿಲಿಗೆ ಆನ್ಕೊಂಡು ನಿಲ್ಲತ್ತೆ, ಅಲ್ಲಿ ದಪ್ಪ ಚರ್ಮ, ದಪ್ಪ ಮಾಂಸ ಇದೆ. ಜತ್ತಿಗೆ, ಅಂದ್ರೆ ಕತ್ತಿನ ಸುತ್ತ ಕಟ್ಟೋ ಪಟ್ಟಿ, ಇರೋದು ನೊಗ ಪಕ್ಕಕ್ಕೆ ಜಾರದೆ ಇರ್ಲಿ ಅಂತ, ಭಾರ ಅದರ ಮೇಲೆ ಬೀಳಲ್ಲ. ಕುದುರೆಗೆ ಹಿಣಿಲೇ ಇಲ್ಲ. ಕತ್ತು ಮುಗಿದು ಬೆನ್ನು ಶುರುವಾಗೋ ಕಡೆ ಒಂದು ಉಬ್ಬು ಕಾಣ್ತದಲ್ಲ, ಅದು ಮೂಳೆ, ಮೇಲೆ ತೆಳ್ಳಗೆ ಚರ್ಮ ಅಷ್ಟೇ. ಅಲ್ಲಿ ಮರ ಉಜ್ಜಿದ್ರೆ ಕೀವು ತುಂಬಿ ವಾಸಿಯಾಗದ ಹುಣ್ಣಾಗತ್ತೆ. ಕುದುರೆ ಕತ್ತನ್ನ ಮೇಲಕ್ಕೆ ಎತ್ತಿ ನಡೆಯೋ ಪ್ರಾಣಿ ಆಗಿರೋದ್ರಿಂದ ನೊಗ ಹಿಂದಕ್ಕೆ ಜಾರತ್ತೆ, ಆಮೇಲೆ ಎಲ್ಲಾ ಭಾರನೂ ಗಂಟಲ ಕೆಳಗಿನ ಜತ್ತಿಗೆ ಮೇಲೆ ಬಂದು ಉಸಿರುನಾಳ ಒತ್ತತ್ತೆ. ಎಷ್ಟು ಜೋರಾಗಿ ಎಳೀತೋ ಅಷ್ಟು ಉಸಿರು ಕಟ್ಟತ್ತೆ.

ಹಾಗಾದ್ರೆ ಕುದುರೆ ಬಲ ಎಲ್ಲಿ ಹಿಡೀಬೇಕು? ಭುಜದಲ್ಲಿ. ಕತ್ತಿನ ಬುಡದ ಎರಡೂ ಪಕ್ಕದಲ್ಲಿ ಭುಜದ ಅಗಲ ಮೂಳೆ ಮೇಲೆ ದಪ್ಪ ಮಾಂಸಖಂಡ ಇದೆ. ಅಲ್ಲಿ ಭಾರ ಹರಡೋ ಥರ, ಉಸಿರುನಾಳಕ್ಕೂ ಮೇಲಿನ ಮೂಳೆಗೂ ತಗುಲದ ಥರ ಒಂದು ಗಟ್ಟಿ ಮೆತ್ತೆ ಬಳೆ ಹಾಕ್ಬೇಕು. ಅದೇ ಕಾಲರ್. ನೀವು ನೋಡಿದ ಅಷ್ಟೂ ಪಟ್ಟಿಗಳಲ್ಲಿ ನಿಜವಾಗಿ ಕೆಲಸ ಮಾಡೋದು ಇದೊಂದೇ, ಉಳಿದಿದ್ದೆಲ್ಲ ಕಾಲರಿಂದ ನೇಗಿಲಿಗೆ ಬಲ ಸಾಗಿಸೋಕೆ, ಇಲ್ಲಾ ಅದನ್ನ ಸರಿಯಾದ ಜಾಗದಲ್ಲಿ ಹಿಡ್ಕೊಳೋಕೆ ಇರೋದು.

ಈ ಕಾಲರ್ ಮೊದಲು ಬಂದಿದ್ದು ಚೀನಾದಲ್ಲಿ. ಯುರೋಪಿನಲ್ಲಿ ಹರಡಿದ್ದು ಸುಮಾರು 9, 10ನೇ ಶತಮಾನದಲ್ಲಿ. ಇಂಟರ್ನೆಟ್‌ನಲ್ಲಿ ಒಂದು ಕಥೆ ಬಹಳ ಓಡಾಡತ್ತೆ, ಗ್ರೀಕರು ರೋಮನ್ನರಿಗೆ ಕುದುರೆ ಕಟ್ಟೋದೇ ಬರ್ತಿರ್ಲಿಲ್ಲ, ಗಂಟಲಿಗೇ ಪಟ್ಟಿ ಕಟ್ತಿದ್ರು, ಕಾಲರ್ ಬಂದ್ಮೇಲೇ ಎಲ್ಲಾ ಬದಲಾಯ್ತು ಅಂತ. ಇದು ಲೆಫೆಬ್ರ್ ದ ನೋಯೆತ್ ಅನ್ನೋ ಫ್ರೆಂಚ್ ಸೇನಾಧಿಕಾರಿ 20ನೇ ಶತಮಾನದ ಶುರುವಿನಲ್ಲಿ ಪ್ರಯೋಗ ಮಾಡಿ ಹೇಳಿದ್ದು. 1970ರ ದಶಕದಲ್ಲಿ ಸ್ಪ್ರುಯ್ತ್ ಅನ್ನೋ ಇನ್ನೊಬ್ಬ ಫ್ರೆಂಚರು ಹಳೇ ಚಿತ್ರ, ಶಿಲ್ಪಗಳಲ್ಲಿ ಇರೋ ಸಜ್ಜನ್ನೇ ಸರಿಯಾಗಿ ಮಾಡಿಸಿ ಕಟ್ಟಿ ನೋಡಿದ್ರು, ಕುದುರೆಗೆ ಉಸಿರು ಕಟ್ಲಿಲ್ಲ, ಹಗುರ ರಥಕ್ಕೆ ಅದು ಚೆನ್ನಾಗೇ ಆಗ್ತಿತ್ತು. ನನಗೂ ಅನ್ಸೋದು ಇದೇ, ಹಿಂದಿನೋರು ದಡ್ಡರಾಗಿರ್ಲಿಲ್ಲ, ಅವರ ಕೆಲಸ ಬೇರೆ ಇತ್ತು. ರಥ ಗಾಲಿ ಮೇಲೆ ಉರುಳತ್ತೆ, ಒಂದ್ಸಲ ಹೊರಟ್ರೆ ಆಯ್ತು. ಜಟಕಾ ಥರದ ಗಾಡಿಗೂ ಎದೆಪಟ್ಟಿ ಸಾಕಾಗೋದು ಅದಕ್ಕೇ. ನೇಗಿಲು ಹಾಗಲ್ಲ, ಸಾಲಿನ ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ ಜಗ್ತಾನೇ ಇರತ್ತೆ, ಒಂದು ಕ್ಷಣನೂ ಬಿಡುವಿಲ್ಲ. ಅಂಥ ಕೆಲಸಕ್ಕೇ ಕಾಲರ್ ಬೇಕಾಗಿದ್ದು.

ಕಾಲರ್ ಹಾಕೋದು ನೋಡಿದ್ರೆ ಈ ಕಸುಬಿನ ಸೂಕ್ಷ್ಮ ಗೊತ್ತಾಗತ್ತೆ. ಇಂಗ್ಲೆಂಡಿನ ಹಳೇ ಕಾಲರ್‌ಗಳು ಪೂರ್ತಿ ಮುಚ್ಚಿದ ಬಳೆ. ಒಳಗೆ ರೈ ಹುಲ್ಲು ಗಟ್ಟಿಯಾಗಿ ತುಂಬಿ, ಮೈಗೆ ತಗುಲೋ ಕಡೆ ಉಣ್ಣೆ ಬಟ್ಟೆ, ಹೊರಗೆ ಚರ್ಮ. ಆಕಾರ ಮೇಲೆ ಕಿರಿದು, ಕೆಳಗೆ ಅಗಲ. ಕುದುರೆ ತಲೆ ಕಣ್ಣಿನ ಹತ್ರ ಅಗಲ ಇರತ್ತಲ್ಲ, ಅದಕ್ಕೆ ಕಾಲರನ್ನ ತಲೆಕೆಳಗು ಮಾಡಿ ಮುಖದ ಮೇಲಿಂದ ತೂರಿಸಿ, ಕತ್ತು ಸಣ್ಣ ಇರೋ ಕಡೆ ಬಂದಾಗ ತಿರುಗಿಸಿ, ಆಮೇಲೆ ಭುಜದ ಮೇಲಕ್ಕೆ ಇಳಿಸ್ತಿದ್ರು. ಅಮೆರಿಕದಲ್ಲಿ ಹೆಚ್ಚಾಗಿ ಮೇಲ್ಗಡೆ ಬಕಲ್ ಬಿಚ್ಚೋ ಥರದ್ದು, ನೀವು ನೋಡಿದ್ದು ಅದೇ ಇರ್ಬೇಕು. ಹಾಕಿದ ಮೇಲೆ ಗಂಟಲಿಗೂ ಕಾಲರಿನ ಕೆಳ ಅಂಚಿಗೂ ಮಧ್ಯೆ ಅಂಗೈ ಅಗಲವಾಗಿ ಇಟ್ಟು ಒಳಗೆ ತೂರಿಸಿ ನೋಡ್ತಾರೆ. ಕೈ ಹೋಗ್ಲಿಲ್ಲ ಅಂದ್ರೆ ಉಸಿರು ಒತ್ತತ್ತೆ, ತೀರಾ ಸಡಿಲ ಇದ್ರೆ ಆ ಕಡೆ ಈ ಕಡೆ ಆಡಿ ಭುಜ ಕೆತ್ತತ್ತೆ. ಇಷ್ಟೇ ಆಗಿದ್ರೆ ಸುಲಭ ಇತ್ತು. ಚಳಿಗಾಲ ಪೂರ್ತಿ ಕೊಟ್ಟಿಗೆಲಿ ನಿಂತು ತಿಂದ ಕುದುರೆ ದಪ್ಪ ಆಗಿರತ್ತೆ, ವಸಂತದ ಉಳುಮೆ ಶುರುವಾಗಿ ಕೆಲವೇ ವಾರಕ್ಕೆ ಕತ್ತು ಇಳಿಯತ್ತೆ, ಮೊನ್ನೆವರೆಗೂ ಸರಿ ಇದ್ದ ಕಾಲರ್ ಇವತ್ತು ದೊಡ್ಡದಾಗತ್ತೆ, ಆಗ ಒಳಗೆ ಪ್ಯಾಡ್ ಇಡ್ಬೇಕು ಇಲ್ಲಾ ಬೇರೆ ಕಾಲರ್ ತರ್ಬೇಕು. ಒಂದು ಕುದುರೆ ಕಾಲರನ್ನ ಇನ್ನೊಂದಕ್ಕೆ ಹಾಕ್ತಿರ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಹಚ್ಚಿದ ಕುದುರೆ ಭುಜಕ್ಕೆ ಉಪ್ಪುನೀರು ಸವರಿ ಚರ್ಮ ಗಟ್ಟಿ ಮಾಡ್ತಿದ್ರು. ಬೇಸಾಯದ ಸೀಸನ್ನಲ್ಲಿ ಭುಜಕ್ಕೆ ಹುಣ್ಣಾದ ಕುದುರೆ ಅಂದ್ರೆ ಆ ಮನೆಗೆ ದೊಡ್ಡ ನಷ್ಟ, ಹಾಗಾಗಿ ಭುಜ ಹೇಗಿದೆ ಅನ್ನೋದರ ಮೇಲೇ ಆಳಿನ ಕಸುಬು ಅಳೀತಿದ್ರು.

ಕಾಲರಿನ ಹೊರಗಡೆ ಒಂದು ಕಾಲುವೆ ಥರ ಗೆರೆ ಇರತ್ತೆ, ಅದ್ರಲ್ಲಿ ಎರಡು ಬಾಗಿದ ಕಬ್ಬಿಣದ ಅಥವಾ ಮರದ ತೋಳುಗಳು ಕೂರ್ತವೆ, ಹೇಮ್ಸ್ ಅಂತಾರೆ. ಮೇಲೆ ಕೆಳಗೆ ಬಿಗಿಯಾಗಿ ಕಟ್ಟಿರ್ತಾರೆ. ಆ ತೋಳಿಂದ ಎರಡೂ ಪಕ್ಕಕ್ಕೆ ಎಳೆಯೋ ಚರ್ಮದ ಪಟ್ಟಿ ಇಲ್ಲಾ ಸರಪಳಿ ಹಿಂದಕ್ಕೆ ಹೋಗತ್ತೆ, ಇದು ಟ್ರೇಸ್. ಕುದುರೆ ಹಿಂದೆ ಒಂದು ಅಡ್ಡಮರ, ಅದರ ಎರಡು ತುದಿಗೆ ಎರಡು ಟ್ರೇಸ್. ಕುದುರೆ ನಡೆಯುವಾಗ ಒಂದ್ಸಲ ಎಡ ಭುಜ ಮುಂದೆ, ಒಂದ್ಸಲ ಬಲ ಭುಜ ಮುಂದೆ ಹೋಗತ್ತಲ್ಲ, ಅಡ್ಡಮರ ಅದಕ್ಕೆ ತಕ್ಕಂಗೆ ಓಲಾಡತ್ತೆ, ಇಲ್ದೆ ಇದ್ರೆ ಕಾಲರ್ ಭುಜದ ಮೇಲೆ ಹೆಜ್ಜೆಹೆಜ್ಜೆಗೂ ಉಜ್ಜತ್ತೆ. ಎರಡು ಕುದುರೆಯ ಎರಡು ಅಡ್ಡಮರನ ಇನ್ನೊಂದು ದೊಡ್ಡ ಅಡ್ಡಮರಕ್ಕೆ ಸೇರಿಸ್ತಾರೆ, ಅದರ ಮಧ್ಯದ ಕೊಂಡಿ ನೇಗಿಲಿಗೆ. ಇದು ತಕ್ಕಡಿ ಥರ ಕೆಲಸ ಮಾಡತ್ತೆ, ಒಂದು ಹಿಂದೆ ಬಿದ್ರೆ ಆ ತುದಿ ಹಿಂದಕ್ಕೆ ಬಂದು ತಕ್ಷಣ ಗೊತ್ತಾಗತ್ತೆ. ಒಂದು ಕುದುರೆ ಎಳೇದು ಅಥವಾ ಬಡಕಲು ಅಂದ್ರೆ ಮಧ್ಯದ ಪಿನ್ನನ್ನ ಸ್ವಲ್ಪ ಗಟ್ಟಿ ಕುದುರೆ ಕಡೆ ಸರಿಸ್ತಾರೆ, ಬಡಕಲು ಕುದುರೆಗೆ ತೋಳು ಉದ್ದ ಆಗಿ ಭಾರ ಕಮ್ಮಿ ಬೀಳತ್ತೆ. ನಿಮ್ಮ ತಾತನೂ ಇದೇ ಕೆಲಸ ಮಾಡಿರ್ತಾರೆ ನೋಡಿ, ಜೋಡಿಲಿ ಒಂದು ಎತ್ತು ಸಣ್ಣದಾದ್ರೆ ನೊಗದ ಮೇಲೆ ಮಿಣಿ ಕಟ್ಟೋ ಜಾಗನ ಒಂದೆರಡು ಬೆರಳು ದೊಡ್ಡ ಎತ್ತಿನ ಕಡೆ ಸರಿಸೋದು. ಲೆಕ್ಕ ಒಂದೇ. ನೀವು ನೋಡಿದ ನಾಲ್ಕು ಕುದುರೆ ಜೋಡಣೆಲೂ ಈ ಅಡ್ಡಮರಗಳೇ ಒಂದರ ಮೇಲೊಂದು, ನಾಲ್ಕಕ್ಕೂ ಸಮ ಪಾಲು ಬರೋ ಹಾಗೆ.

ಇನ್ನೊಂದು ಸಂಗತಿ ಇದೆ, ಜನ ಗಮನಿಸಲ್ಲ. ಟ್ರೇಸ್ ಭುಜದಿಂದ ನೇಗಿಲವರೆಗೂ ಒಂದೇ ನೇರ ಗೆರೆ ಆಗ್ಬೇಕು, ಭುಜದ ಇಳಿಜಾರಿಗೆ ಸುಮಾರು ಲಂಬವಾಗಿ. ಬೆನ್ನುಪಟ್ಟಿ ಅದನ್ನ ಮೇಲಕ್ಕೆ ಎಳೆದು ಗೆರೆ ಮುರಿದ್ರೆ ಭಾರ ಬೆನ್ನಿಗೆ ಬೀಳತ್ತೆ, ಕಾಲರ್ ಮೇಲೆದ್ದು ಗಂಟಲು ಒತ್ತತ್ತೆ. ನೇಗಿಲ ಮೂತಿಲಿ ರಂಧ್ರಗಳಿರೋ ಒಂದು ಕಬ್ಬಿಣ ಇರತ್ತೆ, ಕೊಂಡಿಯನ್ನ ಮೇಲಿನ ರಂಧ್ರಕ್ಕೆ ಹಾಕಿದ್ರೆ ನೇಗಿಲು ಆಳ ಹೋಗತ್ತೆ, ಕೆಳಗಿನದಕ್ಕೆ ಹಾಕಿದ್ರೆ ತೇಲತ್ತೆ, ಪಕ್ಕಕ್ಕೆ ಸರಿಸಿದ್ರೆ ಸಾಲಿನ ಅಗಲ ಬದಲಾಗತ್ತೆ. ಇವೆಲ್ಲ ಸರಿ ಕೂತ್ರೆ ಉಳೋನು ಮೇಣಿ (ನೇಗಿಲ ಹಿಡಿ) ಮೇಲೆ ಬಲ ಹಾಕೋದೇ ಬೇಡ, ಬೆರಳಲ್ಲಿ ಹಿಡ್ಕೊಂಡು ನಡೀಬಹುದು. ಮೇಣಿ ಜೊತೆ ಗುದ್ದಾಡ್ತಿದಾನೆ ಅಂದ್ರೆ ಜೋಡಣೆ ತಪ್ಪಿದೆ ಅಂತ ಅರ್ಥ.

ಉಳುವಾಗ ಒಂದು ಕುದುರೆ ಹಿಂದಿನ ಸಾಲಿನೊಳಗೆ, ಇನ್ನೊಂದು ಉಳದ ನೆಲದ ಮೇಲೆ ನಡೆಯತ್ತೆ. ಸಾಲಿನೊಳಗಿರೋದು ನಂಬಿಕಸ್ತ ಕುದುರೆ ಆಗಿರ್ಬೇಕು, ಅದು ನೇರ ಹೋದ್ರೆ ಎಲ್ಲಾ ನೇರ. ಅಮೆರಿಕದಲ್ಲಿ ಜೀ ಅಂದ್ರೆ ಬಲಕ್ಕೆ, ಹಾ ಅಂದ್ರೆ ಎಡಕ್ಕೆ, ಲಗಾಮು ಮುಟ್ಟದೆ ಬರೀ ಬಾಯಲ್ಲಿ ಹೇಳಿ ಓಡಿಸೋರು ಬೇಕಾದಷ್ಟಿದ್ರು. ಎರಡು ಕುದುರೆ, ಒಂದು ಕುಳ, ಒಂಬತ್ತು ಇಂಚಿನ ಸಾಲು, ದಿನಕ್ಕೆ ಒಂದು ಎಕರೆ, ಇದು ಇಂಗ್ಲೆಂಡಿನಲ್ಲಿ ಒಪ್ಪಿಕೊಂಡ ಲೆಕ್ಕ. ಒಂದು ಎಕರೆ ಅಂದ್ರೆ 43,560 ಚದರಡಿ, ಮುಕ್ಕಾಲು ಅಡಿ ಅಗಲದಿಂದ ಭಾಗಿಸಿ ನೋಡಿ, 58,080 ಅಡಿ, ಅಂದ್ರೆ ಸರಿಯಾಗಿ 11 ಮೈಲಿ, ಹತ್ತಿರ ಹತ್ತಿರ 18 ಕಿಲೋಮೀಟರ್. ಹೊರಳೋ ಜಾಗ ಬಿಟ್ಟು. ಕುದುರೆ ಜೊತೆ ಮನುಷ್ಯನೂ ಅಷ್ಟೂ ನಡೀತಿದ್ದ, ಒಂದು ಕಾಲು ಸಾಲಲ್ಲಿ, ಹಸಿ ಜೇಡಿಮಣ್ಣು ಬೂಟಿಗೆ ಅಂಟಿಸ್ಕೊಂಡು. ಅದಕ್ಕೂ ಮೊದಲು ಬೆಳಗ್ಗೆ ನಾಲ್ಕರ ಹೊತ್ತಿಗೇ ಎದ್ದು ಕುದುರೆಗೆ ಮೇವು ಹಾಕ್ಬೇಕಿತ್ತು, ಯಾಕಂದ್ರೆ ಕುದುರೆ ಹೊಟ್ಟೆ ಮೈಗೆ ಹೋಲಿಸಿದ್ರೆ ಸಣ್ಣದು, ನಿಧಾನಕ್ಕೆ ಸ್ವಲ್ಪ ಸ್ವಲ್ಪ ತಿನ್ಬೇಕು, ತಿಂದ ತಕ್ಷಣ ಭಾರದ ಕೆಲಸಕ್ಕೆ ಹಚ್ಚಿದ್ರೆ ಹೊಟ್ಟೆನೋವು ಬಂದು ಸಾಯೋದೂ ಉಂಟು. ಸಂಜೆ ಮೈ ತಿಕ್ಕಿ, ಗೊರಸು ನೋಡಿ, ಮತ್ತೆ ಹಾಕಿ ಮಲಗಿಸೋವರೆಗೂ ಅವನ ಕೆಲಸ ಮುಗೀತಿರ್ಲಿಲ್ಲ.

ಶಕ್ತಿ ವಿಷ್ಯ ಹೇಳೋದಾದ್ರೆ, ದಿನವಿಡೀ ಎಳೆಯೋ ಪ್ರಾಣಿ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಎಳೆಯತ್ತೆ ಅನ್ನೋದು ಹಳೇ ಅಂದಾಜು. 800 ಕಿಲೋ ಬೆಲ್ಜಿಯನ್ ಕುದುರೆ ಅಂದ್ರೆ 80 ಕಿಲೋ ಜಗ್ಗು. ಟ್ರ್ಯಾಕ್ಟರಿನ ಎಚ್‌ಪಿ ಅಂತೀವಲ್ಲ, ಅದು ಜೇಮ್ಸ್ ವಾಟ್ ತನ್ನ ಉಗಿ ಇಂಜಿನ್ನನ್ನ ಕುದುರೆ ಜೊತೆ ಹೋಲಿಸಿ ಹೇಳೋಕೆ ಇಟ್ಟ ಲೆಕ್ಕ, 68 ಕಿಲೋ ಜಗ್ಗನ್ನ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಎಳೆದ್ರೆ ಒಂದು ಎಚ್‌ಪಿ. ಉಳುಮೆ ಕುದುರೆ ನಡಿಗೆನೂ ಹೆಚ್ಚು ಕಮ್ಮಿ ಅದೇ.

ಈಗ ನಮ್ಮೋರಿಗೆ ಗೊತ್ತಿರ್ಲಿಲ್ವಾ ಅನ್ನೋ ಪ್ರಶ್ನೆ. ಇದನ್ನ ಓದಿದಾಗ ನಂಗೆ ಸ್ವಲ್ಪ ಬೇಜಾರಾಯ್ತು, ನೀವು ಕೇಳಿದ್ದಕ್ಕಲ್ಲ, ಬಹಳ ಜನ ಹೀಗೇ ಅಂದ್ಕೊಂಡಿದ್ದಾರೆ ಅನ್ನೋದಕ್ಕೆ. ಯುರೋಪಿನೋರೂ ಸಾವಿರಾರು ವರ್ಷ ಎತ್ತಲ್ಲೇ ಉತ್ತಿದ್ದು. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಕಂದಾಯ ದಾಖಲೆ ಒಂದು ನೇಗಿಲಿಗೆ ಎಂಟು ಎತ್ತು ಅಂತಲೇ ಲೆಕ್ಕ ಹಾಕತ್ತೆ. 13ನೇ ಶತಮಾನದಲ್ಲಿ ವಾಲ್ಟರ್ ಆಫ್ ಹೆನ್ಲಿ ಅನ್ನೋರು ಬೇಸಾಯದ ಬಗ್ಗೆ ಬರೀತಾ ಕುದುರೆಗಿಂತ ಎತ್ತೇ ಲಾಭ ಅಂದ್ರು, ಕುದುರೆಗೆ ಓಟ್ಸ್ ಖರ್ಚು, ಲಾಳದ ಖರ್ಚು, ಮುದಿಯಾದ್ರೆ ಚರ್ಮ ಬಿಟ್ರೆ ಏನೂ ಸಿಗಲ್ಲ, ಎತ್ತಾದ್ರೆ ಕೊಬ್ಬಿಸಿ ಮಾಂಸಕ್ಕೆ ಮಾರಬಹುದು ಅಂತ. ಸಸೆಕ್ಸ್ ಕಡೆ 20ನೇ ಶತಮಾನದ ಶುರುವಿನವರೆಗೂ ಎತ್ತಿನ ಉಳುಮೆ ಇತ್ತು. ಅಂದ್ರೆ ಕುದುರೆಗೆ ಹೋಗೋದು ಅಲ್ಲೂ ಸುಲಭದ ತೀರ್ಮಾನ ಆಗಿರ್ಲಿಲ್ಲ. ಅವರನ್ನ ಆ ಕಡೆ ತಳ್ಳಿದ್ದು ಹವೆ. ಅಲ್ಲಿ ಉಳೋಕೆ ಸಿಗೋ ದಿನ ಕಮ್ಮಿ, ಒಂದು ಕಡೆ ಮಳೆ, ಒಂದು ಕಡೆ ಹಿಮ, ನಡುವೆ ಸಿಕ್ಕ ಕೆಲವು ವಾರದಲ್ಲಿ ಮುಗಿಸ್ಬೇಕು, ಆಗ ಎತ್ತಿಗಿಂತ ಚುರುಕಾಗಿ ನಡೆಯೋ ಕುದುರೆಗೆ ಬೆಲೆ ಬರತ್ತೆ. ಜೊತೆಗೆ ಓಟ್ಸ್ ಅಲ್ಲಿ ಚೆನ್ನಾಗಿ ಬೆಳೆಯತ್ತೆ. ಮಣ್ಣನ್ನ ಪೂರ್ತಿ ಮಗುಚಿ ಹಾಕೋ ನೇಗಿಲೂ ಸುಧಾರಿಸ್ತಾ ಬಂತು, 1730ರಲ್ಲಿ ರಾದರ್ಹ್ಯಾಮ್ ನೇಗಿಲು ಪೇಟೆಂಟ್ ಆದ್ಮೇಲೆ ಎರಡೇ ಕುದುರೆ ಸಾಕು ಅನ್ನೋ ಹಂತಕ್ಕೆ ಹಗುರ ಆಯ್ತು, 1837ರಲ್ಲಿ ಇಲಿನಾಯ್‌ನಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ್ಮೇಲೆ ಪ್ರೇರಿಯ (ಅಲ್ಲಿನ ಹುಲ್ಲುಗಾವಲು ಬಯಲು) ಅಂಟುಮಣ್ಣೂ ಬಗ್ಗಿತು.

ನಮ್ಮಲ್ಲಿ ಇದರಲ್ಲಿ ಯಾವುದೂ ಇರ್ಲಿಲ್ಲ. ದಕ್ಷಿಣದಲ್ಲಿ ಒಳ್ಳೇ ಕುದುರೆ ಹುಟ್ಟಿಸಿ ಬೆಳೆಸೋದೇ ಕಷ್ಟ ಇತ್ತು, ವಿಜಯನಗರದ ಅರಸರು ಸಮುದ್ರದಾಚೆಯಿಂದ ತರಿಸ್ತಿದ್ರು. 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ರಾಜ ವರ್ಷಕ್ಕೆ ಪರ್ಷಿಯಾ ಕೊಲ್ಲಿಯ ಹೊರ್ಮುಜಿನ 13,000 ಕುದುರೆ ಕೊಳ್ತಿದ್ದ ಅಂತ ಬರೆದಿದ್ದಾನೆ. ಅಷ್ಟು ದುಡ್ಡು ಕೊಟ್ಟು, ಹಡಗಲ್ಲಿ ಅರ್ಧ ಸತ್ತು ಬರೋ ಪ್ರಾಣಿನ ಯುದ್ಧಕ್ಕೆ ಇಟ್ಕೊಳ್ತಾರೋ ಗದ್ದೆಗೆ ಇಳಿಸ್ತಾರೋ? ಟಿಪ್ಪು ಕಾಲದ ಕುಣಿಗಲ್ ಸ್ಟಡ್ ಫಾರ್ಮ್ ನಿಮ್ಮೂರಿಗೆ ಹತ್ರಾನೇ ಇದೆ, ಅದೂ ಸೈನ್ಯದ ಕುದುರೆಗೆ ಇದ್ದಿದ್ದು, ಆಮೇಲೆ ರೇಸಿಗೆ. ಇನ್ನು ಮೇವು. ಎತ್ತು ರಾಗಿ ಹುಲ್ಲು ತಿಂದು, ಮಲಗಿ ಮೆಲುಕು ಹಾಕಿ, ಬೆಳಗ್ಗೆ ನೊಗಕ್ಕೆ ಬರತ್ತೆ. ಕುದುರೆ ಮೆಲುಕು ಹಾಕೋ ಪ್ರಾಣಿ ಅಲ್ಲ, ಬರೀ ಒಣಹುಲ್ಲಲ್ಲಿ ಭಾರದ ಕೆಲಸ ಮಾಡೋಕಾಗಲ್ಲ. 800 ಕಿಲೋ ಕುದುರೆಗೆ ಉಳುಮೆ ದಿನ ಸುಮಾರು 8 ಕಿಲೋ ಓಟ್ಸ್, 10 ಕಿಲೋ ಒಣಹುಲ್ಲು ಬೇಕು. ನಮ್ಮ ಕಡೆ ಕುದುರೆಗೆ ಹುರುಳಿ ಬೇಯಿಸಿ ಹಾಕ್ತಿದ್ರು, ಬಡ ರೈತ ಮನೆ ಮಕ್ಕಳಿಗೆ ಹುರುಳಿ ಸಾರು ಮಾಡೋದು ಬಿಟ್ಟು ಕುದುರೆಗೆ ಹಾಕೋಕಾಗತ್ತಾ? ಹಸು ಸಾಕಿದ್ರೆ ಹಾಲೂ ಆಯ್ತು, ಗಂಡುಗರು ಹುಟ್ಟಿದ್ರೆ ಮನೇಲೇ ಎತ್ತೂ ಆಯ್ತು, ಗೊಬ್ಬರನೂ ಆಯ್ತು. ಕರಾವಳಿ, ಮಲೆನಾಡಿನ ಕೆಸರಿಗೆ ಕೋಣ. ಮತ್ತೆ ನಮ್ಮ ಒಣ ಹೊಲಕ್ಕೆ ಮಣ್ಣು ಮಗುಚಿ ಬಿಸಿಲಿಗೆ ಹಾಕೋದು ಯಾವಾಗ್ಲೂ ಒಳ್ಳೇದಲ್ಲ, ತೇವ ಹೊರಟೋಗತ್ತೆ, ನಾಟಿ ನೇಗಿಲು ಸೀಳಿ ಹೋಗೋದೇ ಸಾಕಿತ್ತು, ಅದಕ್ಕೆ ಒಂದು ಜೊತೆ ಎತ್ತಿನ ಬಲ ಧಾರಾಳ. ನಿಮ್ಮ ತಾತನ ಕೊಟ್ಟಿಗೆಲಿ ಇದ್ದ ಜೋಡಿ ಆ ಮಣ್ಣಿಗೆ, ಆ ಮೇವಿಗೆ ಸರಿಯಾಗಿ ಹೊಂದಿದ್ದೇ.

ಅಮೆರಿಕದಲ್ಲೂ ಕುದುರೆ ಕಾಲ ಮುಗಿದಿದ್ದು ಮೇವಿನ ಲೆಕ್ಕದಿಂದ್ಲೇ ಅನ್ನಬಹುದು. 1920ರಲ್ಲಿ ಅಲ್ಲಿನ ಹೊಲಗಳಲ್ಲಿ ಕುದುರೆ, ಹೇಸರಗತ್ತೆ ಸೇರಿ ಸುಮಾರು 2.5 ಕೋಟಿ ಇದ್ವು, ಅವು ತಿನ್ನೋಕೆ ಅಂತಲೇ ಎಷ್ಟೋ ಭೂಮಿ ಮೀಸಲಾಗಿತ್ತು. 1917ರಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು, ಕೆಲಸ ಇಲ್ದಾಗ ತಿನ್ನಲ್ಲ ಅನ್ನೋದೇ ಅದರ ದೊಡ್ಡ ಗುಣ. 1954ರ ಹೊತ್ತಿಗೆ ಟ್ರ್ಯಾಕ್ಟರ್ ಸಂಖ್ಯೆ ಕುದುರೆ, ಹೇಸರಗತ್ತೆಗಳನ್ನ ದಾಟ್ತು. ಆಮಿಶ್ ಜನ ಧರ್ಮದ ಕಟ್ಟುಪಾಡಿಗೆ ಉಳಿಸ್ಕೊಂಡ್ರು, ಓಹಾಯೋ ಕಡೆ ಹೆಚ್ಚಾಗಿ ಬೆಲ್ಜಿಯನ್, ಪರ್ಶರಾನ್ ಕುದುರೆ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಹೇಸರಗತ್ತೆ. ಇವತ್ತು ಕಾಲರ್ ಹೊಲಿಯೋರು, ಅಡ್ಡಮರ ಮಾಡೋರು ಉಳಿದಿದ್ದಾರೆ ಅಂದ್ರೆ ಬಹಳ ಮಟ್ಟಿಗೆ ಅವರಿಂದ.

ನಿಮ್ಮ ಮೂರು ಎಕರೆಗೆ ಬರೋಣ. ನಮ್ಮ ದೇಶದ ಮಾರ್ವಾಡಿ, ಕಾಠಿಯಾವಾಡಿ ಸವಾರಿ ಕುದುರೆಗಳು, ಮೈ ಹಗುರ, ಉಳುಮೆಗೆ ಆಗಲ್ಲ. ಭಾರೀ ತಳಿ ತರಿಸೋದು ನಮ್ಮ ಬೇಸಿಗೆಗೆ ಹಿಂಸೆ. ಕಾಲರ್ ಅಳತೆ ಹಿಡಿದು ಹೊಲಿಯೋರನ್ನ ಊರ ಕಡೆ ಎಲ್ಲಿ ಹುಡುಕ್ತೀರ? ಪ್ರಾಣಿ ಬೇಸಾಯ ಮಾಡೋ ಆಸೆ ನಿಜವಾಗ್ಲೂ ಇದ್ರೆ ಒಂದು ಜೊತೆ ಹಳ್ಳಿಕಾರ್ ಎತ್ತು ತಗೊಳಿ, ಊರಲ್ಲಿ ಹೊಡೆಯೋಕೆ ಬರೋರು ಇನ್ನೂ ಇದ್ದಾರೆ, ಅವರತ್ರ ಕಲೀರಿ. ಕುದುರೆ ಕಾಲರಿಂದ ನೀವು ತಗೊಂಡು ಹೋಗಬಹುದಾಗಿದ್ದು ಒಂದಿದೆ, ಭಾರ ಹರಡೋದು. ಹಳೇ ನೊಗ ಎಷ್ಟೋ ಕಡೆ ದುಂಡಗೆ, ಸಣ್ಣಗೆ ಇರತ್ತೆ, ಗಂಟು ಗಂಟು ಇರತ್ತೆ, ಎತ್ತಿಗೆ ಹೆಗಲು ಹುಣ್ಣಾಗೋದು ಅದರಿಂದ್ಲೇ. ಕತ್ತಿಗೆ ಕೂರೋ ಜಾಗನ ಅಗಲ ಮಾಡಿಸಿ, ಅಂಚು ದುಂಡಗೆ ಮಾಡಿಸಿ, ನುಣ್ಣಗೆ ಕೆತ್ತಿಸಿ, ಎರಡೂ ಎತ್ತಿನ ಎತ್ತರ ಸಮ ಇರೋ ಜೋಡಿ ನೋಡಿ. ದಿನಾ ಹೂಡೋ ಮುಂಚೆ ಹೆಗಲು ಕೈಯಾಡಿಸಿ ನೋಡಿ, ಬಿಸಿ ಅಥವಾ ಊತ ಕಂಡ್ರೆ ಅವತ್ತು ಹೂಡ್ಬೇಡಿ.

ಮತ್ತೆ ಹೋಮ್ಸ್ ಕೌಂಟಿಗೆ ಹೋದಾಗ ಉಳೋದನ್ನ ನೋಡಿ ವಾಪಸ್ ಬಂದ್ಬಿಡ್ಬೇಡಿ, ಮಧ್ಯಾಹ್ನ ಕುದುರೆ ಬಿಚ್ಚೋವರೆಗೂ ಇರಿ. ಕಾಲರ್ ತೆಗೆದ ತಕ್ಷಣ ಭುಜ ನೋಡಿ. ಬೆವರು ಒಂದೇ ಸಮ ಇದ್ರೆ ಕಾಲರ್ ಸರಿ ಕೂತಿದೆ, ನಡುವೆ ಒಂದು ಕಡೆ ಮಾತ್ರ ಒಣಗಿದ್ರೆ ಅಲ್ಲಿ ಜಾಸ್ತಿ ಒತ್ತಿದೆ ಇಲ್ಲಾ ತಗುಲೇ ಇಲ್ಲ. ಭುಜದ ಮೇಲೆ ಬಿಳಿ ಕೂದಲ ಮಚ್ಚೆ ಕಂಡ್ರೆ ಯಾವತ್ತೋ ಅಲ್ಲಿ ಹುಣ್ಣಾಗಿ ಮಾದಿದೆ ಅಂತ. ರೈತರನ್ನ ಕಾಲರ್ ಸೈಜ್ ಕೇಳಿ, ಒಂದೊಂದು ಕುದುರೆದೂ ಇಂಚಿನಲ್ಲಿ ಹೇಳ್ತಾರೆ. ಫೋಟೋ ಮಾತ್ರ ಕೇಳದೆ ತೆಗೀಬೇಡಿ, ಮುಖ ಬರೋ ಫೋಟೋ ಅವರಲ್ಲಿ ಬಹಳ ಜನಕ್ಕೆ ಒಪ್ಪಿಗೆ ಇಲ್ಲ.